ಒಂದೇ ನಕ್ಷತ್ರ ಕೊಟ್ಟ ಗಿರಾಕಿಗೆ ಅಂಗಡಿಯವರು ಉತ್ತರ ಬರೆಯಬೇಕೇ?

ನಿಮ್ಮ ಕುರುಕಲು ತಿಂಡಿಯ ಅಂಗಡಿಗೆ ಗೂಗಲ್‌ನಲ್ಲಿ ಇದ್ದ ಹತ್ತೊಂಬತ್ತು ವಿಮರ್ಶೆಗಳ ಜೊತೆಗೆ ಕಳೆದ ವಾರ ಒಂದೊಂದೇ ನಕ್ಷತ್ರದ ಎರಡು ಸೇರಿಕೊಂಡಿವೆ, ಒಂದರಲ್ಲಿ ಚಕ್ಕುಲಿ ಕಮಟು ವಾಸನೆ ಹೊಡೆಯುತ್ತಿತ್ತೆಂಬ ದೂರಿದೆ, ಇನ್ನೊಂದರಲ್ಲಿ ಒಂದಕ್ಷರವೂ ಇಲ್ಲ ಎಂದು ಬರೆದಿದ್ದೀರಿ. ಉತ್ತರಿಸಬೇಕೇ, ಅಳಿಸಲು ಬರುತ್ತದೆಯೇ, ಹಣ ಕೊಟ್ಟರೆ ಐವತ್ತು ಒಳ್ಳೆಯ ವಿಮರ್ಶೆ ಹಾಕಿಸುತ್ತೇನೆಂದು ಫೋನ್ ಮಾಡಿದವನನ್ನು ನಂಬಬಹುದೇ ಎಂದೂ ಕೇಳಿದ್ದೀರಿ. ನಾನು ಅಂಗಡಿಯವನಲ್ಲ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಳಬದಿಯಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತೇನೆ. ಆದರೆ ಈ ವಿಷಯದಲ್ಲಿ ಕೈ ಸುಟ್ಟುಕೊಂಡವನಾದ್ದರಿಂದ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಿಮ್ಮ ಗಾಬರಿ ಸುಳ್ಳಲ್ಲ. ಮೊದಲಿನ ಹತ್ತೊಂಬತ್ತೂ ಐದು ನಕ್ಷತ್ರದವೇ ಆಗಿದ್ದರೂ ಈ ಎರಡು ಸೇರಿದ ಮೇಲೆ ಸರಾಸರಿ 4.6ಕ್ಕೆ ಇಳಿದಿರುತ್ತದೆ. ಇದೇ ಎರಡು ವಿಮರ್ಶೆಗಳು 200 ಪೂರ್ಣ ನಕ್ಷತ್ರಗಳಿರುವ ದೊಡ್ಡ ಅಂಗಡಿಗೆ ಬಂದಿದ್ದರೆ ಸರಾಸರಿ 4.96, ಎಂದರೆ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಸಣ್ಣ ವ್ಯಾಪಾರದವರಿಗೆ ಒಬ್ಬ ಗಿರಾಕಿಯ ಸಿಟ್ಟು ಇಷ್ಟು ಭಾರವಾಗಿ ಬೀಳುವುದಕ್ಕೆ ಲೆಕ್ಕವೇ ಕಾರಣ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಉತ್ತರ ಬರೆಯಲು ಕೂತರೆ ಕೆಡುತ್ತದೆ.

ನಾನು ಕೆಡಿಸಿಕೊಂಡ ಬಗೆಯನ್ನು ಹೇಳುತ್ತೇನೆ. ಒಂದು ಜುಲೈ ತಿಂಗಳಲ್ಲಿ ಊರಿನಿಂದಾಚೆಯ ಒಂದು ಕುಟುಂಬ ಎರಡು ರಾತ್ರಿ ನಮ್ಮಲ್ಲಿ ಉಳಿದಿತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆ ಇದು. ತೋಟಕ್ಕೆ ಹೋಗಿ ಬಂದ ಮಗುವಿನ ಕಾಲ್ಬೆರಳ ಸಂದಿಯಲ್ಲಿ ಉಂಬಳ ಕಚ್ಚಿಕೊಂಡಿತ್ತು, ಅದೇ ಸಂಜೆ ಕರೆಂಟು ಹೋಗಿ ಗೀಸರ್ ನಿಂತಿತು. ಅವರು ಊರು ತಲುಪಿದ ಮೇಲೆ ‘ಮನೆಯೊಳಗೆಲ್ಲ ರಕ್ತ ಹೀರುವ ಹುಳ, ಬಿಸಿನೀರಿಲ್ಲ, ದುಡ್ಡು ದಂಡ’ ಎಂದು ಬರೆದು ಒಂದು ನಕ್ಷತ್ರ ಒತ್ತಿದರು. ರಾತ್ರಿ ಹನ್ನೊಂದಕ್ಕೆ ಅದನ್ನು ಓದಿದ ನಾನು ಅಲ್ಲೇ ಹದಿನಾಲ್ಕು ಸಾಲಿನ ಉತ್ತರ ಬರೆದೆ: ಉಂಬಳವನ್ನು ನಾವು ಸಾಕಿಲ್ಲ, ಮಲೆನಾಡು ಬೇಡವಾದರೆ ಮಾಲ್‌ಗೆ ಹೋಗಿ, ಮೂವರೆಂದು ಹೇಳಿ ಐವರು ಬಂದಿದ್ದೀರಿ, ಹೆಚ್ಚಿನ ಇಬ್ಬರ ಊಟಕ್ಕೆ ನಾವು ಏನೂ ಕೇಳಲಿಲ್ಲ, ಹೀಗೆ. ಬರೆದದ್ದೆಲ್ಲ ನಿಜವೇ ಆಗಿತ್ತು. ಹತ್ತು ದಿನಗಳ ನಂತರ ಕೋಣೆ ವಿಚಾರಿಸಲು ಫೋನ್ ಮಾಡಿದ ಹೆಂಗಸೊಬ್ಬರು ಬೆಲೆ ಕೇಳುವುದಕ್ಕೂ ಮೊದಲು, “ಸಾರ್, ಆ ಉತ್ತರ ಬರೆದವರು ನೀವೇನಾ?” ಎಂದರು. ಹೌದೆಂದೆ. ಆಮೇಲೆ ಹೇಳುತ್ತೇವೆಂದು ಫೋನ್ ಇಟ್ಟವರು ಮತ್ತೆ ಮಾಡಲಿಲ್ಲ. ಅವರನ್ನು ಹೆದರಿಸಿದ್ದು ಉಂಬಳವಲ್ಲ, ಮನೆಗೆ ಬಂದು ಹೋದವರ ಊಟದ ಲೆಕ್ಕವನ್ನು ಬೀದಿಗೆ ತರುವ ಮನೆಯವನು.

ಉತ್ತರವನ್ನು ಮಾಲೀಕರು ಯಾವಾಗ ಬೇಕಾದರೂ ತಿದ್ದಬಹುದು ಎಂದು ತಿಳಿದ ಮೇಲೆ ನಾನು ಅದನ್ನು ಹೀಗೆ ಬದಲಿಸಿದೆ: ‘ಮಳೆಗಾಲದಲ್ಲಿ ನಮ್ಮ ಕಡೆ ಉಂಬಳ ಇರುತ್ತದೆಂದು ನೀವು ಬರುವ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ಅದು ನಮ್ಮ ತಪ್ಪು. ಈಗ ಜಗುಲಿಯಲ್ಲಿ ಸುಣ್ಣ ಮತ್ತು ಹೊಗೆಸೊಪ್ಪಿನ ಪೊಟ್ಟಣ ಇಟ್ಟಿದ್ದೇವೆ. ಕರೆಂಟು ಹೋದರೂ ಬಚ್ಚಲ ಹಂಡೆಯಲ್ಲಿ ಬೆಳಿಗ್ಗೆ ಆರರಿಂದ ಬಿಸಿನೀರು ಇರುತ್ತದೆ.’ ಇವೇ ಮಾತುಗಳನ್ನು ನಮ್ಮ ಪುಟದ ವಿವರಣೆಯಲ್ಲಿಯೂ, ಬುಕಿಂಗ್ ಆದಾಗ ಕಳಿಸುವ ವಾಟ್ಸ್‌ಆ್ಯಪ್ ಸಂದೇಶದಲ್ಲಿಯೂ ಸೇರಿಸಿದೆ. ಉಂಬಳ ಈಗಲೂ ಕಚ್ಚುತ್ತದೆ, ಆದರೆ ವಿಮರ್ಶೆಯಲ್ಲಿ ಅದು ದೂರಾಗಿ ಬರುವುದು ನಿಂತಿದೆ. ನಾವು ಉತ್ತರದಲ್ಲಿ ವಿವರಿಸಲು ಹೆಣಗುವ ಸಂಗತಿಗಳಲ್ಲಿ ಬಹುಪಾಲು ಗಿರಾಕಿ ಬರುವ ಮೊದಲೇ ಹೇಳಿರಬೇಕಾದವು ಎಂಬುದು ನನ್ನ ಅನುಭವ.

ಅಳಿಸುವ ವಿಷಯ ಚಿಕ್ಕದು. ಗೂಗಲ್‌ನಲ್ಲಿ ಅಂಗಡಿಯ ಪುಟವಾದ ಬಿಸಿನೆಸ್ ಪ್ರೊಫೈಲ್‌ನ ಮಾಲೀಕರಿಗೆ ವಿಮರ್ಶೆಯನ್ನು ಅಳಿಸುವ ಅಧಿಕಾರವಿಲ್ಲ. ಬೈಗುಳ, ಸಂಬಂಧವಿಲ್ಲದ ವಿಷಯ, ಪ್ರತಿಸ್ಪರ್ಧಿ ಬರೆಸಿದ್ದು ಮುಂತಾದ ನಿಯಮಭಂಗವಿದ್ದರೆ ಗೂಗಲ್‌ಗೆ ವರದಿ ಮಾಡಬಹುದು, ಅಷ್ಟೆ. ನಮಗೆ ಹಿಡಿಸಲಿಲ್ಲ ಎಂಬುದು ನಿಯಮಭಂಗವಾಗುವುದಿಲ್ಲ. ಬರೆದವರು ಮಾತ್ರ ತಮ್ಮ ವಿಮರ್ಶೆಯನ್ನು ತಿದ್ದಬಹುದು, ತೆಗೆಯಬಹುದು. ನಾವು ಉತ್ತರಿಸಿದಾಗ ಅವರಿಗೆ ಸೂಚನೆ ಹೋಗುವುದರಿಂದ ಸಮಾಧಾನದ ಉತ್ತರಕ್ಕೆ ಅಷ್ಟರಮಟ್ಟಿನ ಆಸೆಯೂ ಉಂಟು.

ಫೋನ್ ಮಾಡಿದವನನ್ನು ದೂರವಿಡಿ. ಹಣ ಕೊಟ್ಟು ಬರೆಸುವುದಿರಲಿ, ವಿಮರ್ಶೆ ಬರೆದರೆ ರಿಯಾಯಿತಿ ಎಂದು ಹೇಳುವುದನ್ನೂ ಗೂಗಲ್ ನಿಯಮ ನಿಷೇಧಿಸುತ್ತದೆ. 2022ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರತಂದ ಐಎಸ್ 19000:2022 ಎಂಬ ಭಾರತೀಯ ಮಾನದಂಡವೂ ಖರೀದಿಸಿದ ವಿಮರ್ಶೆಗಳನ್ನು ಪ್ರಕಟಿಸಕೂಡದು ಎನ್ನುತ್ತದೆ. ನಿಯಮದ ಮಾತು ಹಾಗಿರಲಿ, ಒಂದೇ ವಾರದಲ್ಲಿ ಮೂವತ್ತು ಮಂದಿ ‘ನೈಸ್ ಪ್ಲೇಸ್, ಗುಡ್ ಸರ್ವಿಸ್’ ಎಂದು ಬರೆದು ಹೋದ ಅಂಗಡಿಯನ್ನು ಕಂಡರೆ ನಮ್ಮೂರಿನ ಕಾಲೇಜು ಹುಡುಗರೂ ನಗುತ್ತಾರೆ. ಅದರ ಬದಲು ಗೂಗಲ್ ಕೊಡುವ ಕ್ಯೂಆರ್ ಕೋಡನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿ, ಬಂದವರನ್ನೆಲ್ಲ ಕೇಳಿ. ಮೆಚ್ಚಿದವರನ್ನು ಮಾತ್ರ ಆರಿಸಿ ಕೇಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ.

ಇನ್ನು ನಿಮ್ಮ ಚಕ್ಕುಲಿ. ಬರೆಯುವ ಮೊದಲು ಡಬ್ಬ ತೆರೆದು ಮೂಸಿ ನೋಡಿ, ಯಾವ ದಿನ ಕರಿದದ್ದೆಂದು ವಿಚಾರಿಸಿ. ಕರಿದ ತಿಂಡಿಗೆ ಗಾಳಿ, ಬೆಳಕು ತಾಗುತ್ತಿದ್ದರೆ ಎಣ್ಣೆ ಕಮಟುತ್ತದೆ. ಬಾಣಲೆಯ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುತ್ತಿದ್ದರೆ ಇನ್ನೂ ಬೇಗ. ಕರಿಯುವ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಅಂಶಗಳು) ಶೇ. 25ನ್ನು ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಆದ್ದರಿಂದ ‘ನಾವು ದಿನವೂ ಹೊಸ ಎಣ್ಣೆಯಲ್ಲೇ ಕರಿಯುತ್ತೇವೆ’ ಎಂದು ಅದು ನಿಜವಲ್ಲದಿದ್ದರೆ ದಯವಿಟ್ಟು ಬರೆಯಬೇಡಿ. ನಾಳೆ ನಿಮ್ಮ ಅಡುಗೆ ಭಟ್ಟರನ್ನೇ ಯಾರಾದರೂ ಕೇಳುತ್ತಾರೆ. ತಪ್ಪು ಸಿಕ್ಕಿದರೆ ಹೀಗೆ ಬರೆಯಬಹುದು: ‘ನೀವು ಹೇಳಿದ ಮೇಲೆ ಆ ಡಬ್ಬ ನೋಡಿದೆವು, ವಾಸನೆ ನಿಜ. ಉಳಿದದ್ದನ್ನು ಮಾರಾಟದಿಂದ ತೆಗೆದಿದ್ದೇವೆ, ಡಬ್ಬಗಳ ಮೇಲೆ ಕರಿದ ದಿನಾಂಕ ಬರೆಯತೊಡಗಿದ್ದೇವೆ. ಅಂಗಡಿಗೆ ಬಂದರೆ ಹಣ ಹಿಂತಿರುಗಿಸುತ್ತೇವೆ.’ ತಪ್ಪು ಸಿಗದಿದ್ದರೆ ಯಾವ ದಿನ ಕೊಂಡದ್ದೆಂದು ಕೇಳಿ, ಅಂಗಡಿಯ ಫೋನ್ ಸಂಖ್ಯೆ ಕೊಡಿ. ಅವರದನ್ನು ಮಾತ್ರ ಅಲ್ಲಿ ಹಾಕಬೇಡಿ. ಅವರು ಕನ್ನಡದಲ್ಲಿ ಬರೆದಿದ್ದರೆ ಕನ್ನಡದಲ್ಲೇ ಉತ್ತರಿಸಿ. ಉತ್ತರದೊಳಗೆ ‘ಮೈಸೂರಿನ ಅತ್ಯುತ್ತಮ ಚಕ್ಕುಲಿ ಅಂಗಡಿ’ ಎಂದು ತುರುಕುವ ಚಾಳಿ ಕೆಲವರಿಗಿದೆ, ಕ್ಷಮೆ ಕೇಳುವ ಸಾಲಿನಲ್ಲಿ ಅದು ಅಸಹ್ಯವಾಗಿ ಕಾಣುತ್ತದೆ.

ಮಾತಿಲ್ಲದ ನಕ್ಷತ್ರಕ್ಕೆ ಒಂದೇ ಸಾಲು ಸಾಕು: ಏನು ಸರಿಹೋಗಲಿಲ್ಲವೆಂದು ತಿಳಿಸಿದರೆ ತಿದ್ದಿಕೊಳ್ಳುತ್ತೇವೆ. ನನ್ನ ಪುಟದಲ್ಲಿಯೂ ಅಂಥವು ಮೂರಿವೆ. ಅವರಲ್ಲಿ ಒಬ್ಬರು ಎಂಟು ತಿಂಗಳ ನಂತರ, ಬೆರಳು ತಪ್ಪಿ ಒತ್ತಿದ್ದೆಂದು ಬರೆದು ನಾಲ್ಕಕ್ಕೆ ಏರಿಸಿದರು. ಉಳಿದಿಬ್ಬರು ಇನ್ನೂ ಏನೂ ಹೇಳಿಲ್ಲ.