ಕ್ಯಾನ್ಸರ್ ಇದ್ದವರಿಗೆ ಟಿಬಿ ಎಂದು ಎಂಟು ತಿಂಗಳು ಗುಳಿಗೆ ಕೊಟ್ಟಿದ್ದಾರೆ, ಪರಿಹಾರ ಕೇಳಬಹುದೇ?

ನೀವು ಬರೆದಿರುವುದರ ಸಾರ ಇಷ್ಟು: ಆಳಂದ ತಾಲ್ಲೂಕಿನ ನಿಮ್ಮ ತಾಯಿಗೆ ಕೆಮ್ಮು, ಜ್ವರ ಇತ್ತು. ಕಲಬುರಗಿಯ ಖಾಸಗಿ ದವಾಖಾನೆಯೊಂದರಲ್ಲಿ ಎದೆಯ ಎಕ್ಸ್‌ರೇ ನೋಡಿ ಟಿಬಿ ಎಂದರು. ಕಫದ ಪರೀಕ್ಷೆ ಮಾಡಿಸದೆ ಎಂಟು ತಿಂಗಳು ಗುಳಿಗೆ ಕೊಟ್ಟರು. ಕೊನೆಗೆ ಸೊಲ್ಲಾಪುರಕ್ಕೆ ಕರೆದೊಯ್ದಾಗ ಬಯಾಪ್ಸಿಯಲ್ಲಿ (ದೇಹದ ಚೂರು ತೆಗೆದು ನೋಡುವ ಪರೀಕ್ಷೆ) ಶ್ವಾಸಕೋಶದ ಕ್ಯಾನ್ಸರ್ ಎಂದು ಬಂತು. ಈಗ ಪರಿಹಾರ ಸಿಗುತ್ತದೆಯೇ, ಎಲ್ಲಿ ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ.

ಕೇಳಬಹುದು, ಕಲಬುರಗಿಯಲ್ಲೇ ಕೇಳಬಹುದು. ಆದರೆ 'ಡಾಕ್ಟರು ರೋಗವನ್ನೇ ತಪ್ಪು ಹೇಳಿದರು' ಎಂಬ ಒಂದೇ ಮಾತಿನ ಮೇಲೆ ಕೇಸು ನಿಲ್ಲುವುದಿಲ್ಲ. ನಿರ್ಣಯ ತಪ್ಪಾದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಅಲ್ಲ ಎಂದು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ಪರಿಸ್ಥಿತಿಯಲ್ಲಿ ಸಾಧಾರಣ ಜಾಣ್ಮೆಯ ವೈದ್ಯರು ಮಾಡುತ್ತಿದ್ದ ಕೆಲಸವನ್ನು ಇವರು ಮಾಡಲಿಲ್ಲ, ಅದರಿಂದಲೇ ಹಾನಿಯಾಯಿತು ಎಂದು ನೀವು ತೋರಿಸಬೇಕು. ಹಾಗಾಗಿ ಯಾವ ತಾರೀಖಿನಂದು ಯಾವ ಪರೀಕ್ಷೆ ಆಗಬೇಕಿತ್ತು, ಆಗಲಿಲ್ಲ ಎಂಬುದನ್ನು ಮೊದಲು ಗುರುತು ಮಾಡಿಕೊಳ್ಳಿ.

ನಿಮ್ಮ ಪ್ರಕರಣದಲ್ಲಿ ಅಂಥ ಎರಡು ತಾರೀಖು ಕಾಣುತ್ತವೆ. ಮೊದಲನೆಯದು ಗುಳಿಗೆ ಶುರು ಮಾಡಿದ ದಿನ. ಕಫದ ಸೂಕ್ಷ್ಮದರ್ಶಕ ಪರೀಕ್ಷೆ, ಸಿಬಿನ್ಯಾಟ್ (ಕಫದಲ್ಲಿ ಟಿಬಿ ರೋಗಾಣುವಿನ ಜೀನ್ ಹುಡುಕುವ ಯಂತ್ರದ ಪರೀಕ್ಷೆ) ಇವೆಲ್ಲ ಸರ್ಕಾರಿ ಟಿಬಿ ಕಾರ್ಯಕ್ರಮದಲ್ಲಿ ಉಚಿತವಾಗಿ ಆಗುತ್ತವೆ. ಅದಕ್ಕೆ ಕಳಿಸಲೇ ಇಲ್ಲ ಎಂದರೆ ಕಾರಣವನ್ನು ಅವರೇ ಹೇಳಬೇಕು. ಎದುರು ಪಕ್ಷದವರು 'ಕಫದಲ್ಲಿ ಕಾಣದಿದ್ದರೂ ಲಕ್ಷಣ ನೋಡಿ ಟಿಬಿ ಔಷಧ ಕೊಡುವುದುಂಟು' ಎನ್ನುತ್ತಾರೆ. ಅದು ನಿಜವೂ ಹೌದು. ಆದ್ದರಿಂದ ನನ್ನ ದೃಷ್ಟಿಯಲ್ಲಿ ಎರಡನೆಯ ತಾರೀಖೇ ಹೆಚ್ಚು ಗಟ್ಟಿ. ಸಾಮಾನ್ಯ ಟಿಬಿ ಚಿಕಿತ್ಸೆ ಆರು ತಿಂಗಳದ್ದು: ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 4 ತಿಂಗಳು ಮೂರು. ಎರಡು ತಿಂಗಳ ಕೊನೆಗೆ ರೋಗಿ ಹೇಗಿದ್ದಾರೆ ಎಂದು ಮತ್ತೆ ತಪಾಸಣೆ ಮಾಡಬೇಕು. ಆಗಲೂ ತೂಕ ಇಳಿಯುತ್ತಿದ್ದು, ಕಫದಲ್ಲಿ ರಕ್ತ ಬರುತ್ತಿದ್ದರೆ ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವುದು), ಬಯಾಪ್ಸಿ ಕಡೆಗೆ ಯೋಚಿಸಬೇಕಿತ್ತು. ಅದು ಬಿಟ್ಟು ಎಂಟನೇ ತಿಂಗಳವರೆಗೂ ಅದೇ ಚೀಟಿ ಮುಂದುವರಿಸಿದ್ದನ್ನು ಸಮರ್ಥಿಸುವುದು ಕಷ್ಟ. ದೂರು ಬರೆಸುವಾಗ ವಕೀಲರಿಗೆ ಇದನ್ನೇ ಬಿಡಿಸಿ ಹೇಳಿ.

ಈಗ ದಾಖಲೆಗಳು. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಪ್ರಕಾರ, ರೋಗಿ ಅಥವಾ ಅವರು ಒಪ್ಪಿದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಬಾಯಲ್ಲಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ. ತಾಯಿಯವರ ಸಹಿ ಇರುವ ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕದಿದ್ದರೆ ಅದೇ ದಿನ ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟ್ ಮಾಡಿ. 'ಎಲ್ಲಾ ದಾಖಲೆ' ಎಂದು ಬರೆಯಬೇಡಿ, ಹೆಸರು ಹಿಡಿದು ಕೇಳಿ: ಹೊರರೋಗಿ ಚೀಟಿಗಳು, ಕೇಸ್ ಶೀಟ್, ನರ್ಸ್ ಟಿಪ್ಪಣಿ, ಲ್ಯಾಬ್ ವರದಿ, ಎಕ್ಸ್‌ರೇ ಫಿಲ್ಮ್ ಮತ್ತು ಅದನ್ನು ಓದಿದ ರೇಡಿಯಾಲಜಿಸ್ಟ್ ವರದಿ, ಡಿಸ್ಚಾರ್ಜ್ ಕಾರ್ಡ್, ಬಿಲ್ಲು. ಸೊಲ್ಲಾಪುರದ ದವಾಖಾನೆಗೂ ಇದೇ ನಿಯಮ. ಅಲ್ಲಿಂದ ಬಯಾಪ್ಸಿ ವರದಿಯ ಜೊತೆಗೆ ಸ್ಲೈಡ್ ಮತ್ತು ಮೇಣದ ಬ್ಲಾಕ್ (ತೆಗೆದ ಚೂರನ್ನು ಮೇಣದಲ್ಲಿ ಕಾಪಿಟ್ಟದ್ದು) ಕೂಡ ಕೇಳಿ ಪಡೆಯಿರಿ. ಮುಂದೆ ಯಾರಾದರೂ ಆ ವರದಿಯನ್ನೇ ಪ್ರಶ್ನಿಸಿದರೆ ಬೇರೆ ಲ್ಯಾಬಿನಲ್ಲಿ ಮತ್ತೆ ನೋಡಿಸಲು ಅದೇ ಬೇಕು. ಔಷಧ ಅಂಗಡಿಯ ಬಿಲ್ಲುಗಳನ್ನು ಇವತ್ತೇ ಝೆರಾಕ್ಸ್ ಮಾಡಿಸಿ. ಥರ್ಮಲ್ ಕಾಗದದ ಅಕ್ಷರ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಮಾಸಿಹೋಗುತ್ತದೆ.

ಬಹಳ ಜನರಿಗೆ ಹೊಳೆಯದ ಒಂದು ದಾಖಲೆ ಇದೆ. ಟಿಬಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯ. ಅದು ನಿಕ್ಷಯ್ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಟಿಬಿಯನ್ನು ಪರೀಕ್ಷೆಯಿಂದ ಖಚಿತಪಡಿಸಿದರೋ ಅಥವಾ ಬರೀ ಲಕ್ಷಣ ನೋಡಿ ನಿರ್ಧರಿಸಿದರೋ ಎಂಬುದು ಅಲ್ಲಿ ಇರುತ್ತದೆ. ಜಿಲ್ಲಾ ಕ್ಷಯರೋಗ ಅಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟು ಅದರ ಪ್ರತಿ ಕೇಳಿ. ಟಿಬಿ ರೋಗಿಗಳಿಗೆ ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಹಣ ತಾಯಿಯ ಖಾತೆಗೆ ಬಂದಿದ್ದರೆ ಪಾಸ್‌ಬುಕ್ಕಿನ ಆ ಪುಟವೂ ಸಾಕ್ಷಿಯೇ. ನೋಂದಣಿಯೇ ಆಗಿಲ್ಲ ಎಂದು ಗೊತ್ತಾದರೆ ಅದೂ ನಿಮ್ಮ ಪರವಾಗಿ ಮಾತಾಡುವ ಸಂಗತಿ.

ಇನ್ನೊಂದು ಮಾತು, ಬರೆಯಲು ಮನಸ್ಸಿಗೆ ಕಷ್ಟವಾದರೂ ಬರೆಯುತ್ತೇನೆ. ತಾಯಿಯವರು ಮಾತಾಡುವಷ್ಟು ಗಟ್ಟಿ ಇರುವಾಗಲೇ ಅವರ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಮಾಡಿಸಿ. ಯಾವಾಗ ಹೋದೆ, ಏನು ತೊಂದರೆ ಹೇಳಿದೆ, ಡಾಕ್ಟರು ಏನೆಂದರು ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಹೆಬ್ಬೆಟ್ಟು ಹಾಕುವವರಾದರೆ 'ಓದಿ ಹೇಳಿ, ತಿಳಿದು ಒಪ್ಪಿದ್ದಾರೆ' ಎಂಬ ಸಾಲು ಇರಲೇಬೇಕು. ಅವರಿಗೆ ಏನಾದರೂ ಆದರೆ ವಾರಸುದಾರರಾಗಿ ನೀವು ಕೇಸು ಮುಂದುವರಿಸಬಹುದು.

ದೂರು ಹೋಗುವುದು ಕಲಬುರಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಕಾಯ್ದೆ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಹೈದರಾಬಾದ್, ಸೊಲ್ಲಾಪುರದ ದವಾಖಾನೆಯಲ್ಲಿ ತಪ್ಪಾಗಿದ್ದರೂ ನಮ್ಮ ಭಾಗದವರು ಅಲ್ಲಿಗೆ ಅಲೆಯಬೇಕಿಲ್ಲ. ಆಯೋಗದ ವ್ಯಾಪ್ತಿ, ಶುಲ್ಕ ಎರಡೂ ನೀವು ದವಾಖಾನೆಗೆ ಕೊಟ್ಟ ಹಣದ ಮೇಲೆ ನಿಲ್ಲುತ್ತವೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟದ್ದು 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಗ್ರಾಹಕರ ದೂರಿನ ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ದವಾಖಾನೆ, ವೈದ್ಯರು ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಎಕ್ಸ್‌ರೇ ಓದಿದವರ ವರದಿಯಲ್ಲೇ 'ಗಡ್ಡೆ ಇರಬಹುದು' ಎಂಬಂಥ ಮಾತಿದ್ದು ಇವರು ಗಮನಿಸದಿದ್ದರೆ ಕೇಸು ಇನ್ನಷ್ಟು ಬಲವಾಗುತ್ತದೆ.

ಗಡುವು 2 ವರ್ಷ. ಬಯಾಪ್ಸಿ ವರದಿ ಬಂದ ದಿನದಿಂದ ಎಣಿಸಬೇಕು ಎಂದು ವಾದಿಸಲು ಅವಕಾಶವಿದೆ, ಆದರೆ ಅದನ್ನು ನಂಬಿ ಕೂರಬೇಡಿ. 2010ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಶಸ್ತ್ರಚಿಕಿತ್ಸೆ ವೇಳೆ ಹೊಟ್ಟೆಯಲ್ಲಿ ಬಟ್ಟೆ ಉಳಿದಿತ್ತು. ವರ್ಷಗಟ್ಟಲೆ ನೋವಿದ್ದೂ ವಿಚಾರಿಸಲಿಲ್ಲ ಎಂಬ ಕಾರಣಕ್ಕೆ ದೂರು ಕಾಲಮಿತಿ ಮೀರಿದೆ ಎಂದು ತಳ್ಳಿಹೋಯಿತು. ಗುಳಿಗೆ ಶುರುವಾದ ದಿನದಿಂದಲೇ ಎಣಿಸಿಕೊಂಡು ಅದರೊಳಗೆ ದೂರು ಹಾಕಿ. ನೋಟಿಸು, ಮರುನೋಟಿಸು ಕಳಿಸುತ್ತಾ ಕೂತರೆ ಗಡುವು ನಿಲ್ಲುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಪ್ರಾಧಿಕಾರಕ್ಕೋ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೋ ಕೊಟ್ಟ ದೂರೂ ಗಡುವನ್ನು ತಡೆಯುವುದಿಲ್ಲ. ಪರಿಷತ್ತು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದು, ನಿಮಗೆ ಪರಿಹಾರದ ಹಣ ಕೊಡಿಸುವುದಿಲ್ಲ.

ತಜ್ಞರ ಅಭಿಪ್ರಾಯದ ಬಗ್ಗೆ ಹೆದರಿಸುವವರು ಸಿಗುತ್ತಾರೆ. ಎಲ್ಲಾ ಕೇಸಿಗೂ ಅದು ಬೇಕಿಲ್ಲ ಎಂದು 2010ರ ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದೂ ಇಂಥದ್ದೇ: ಮಲೇರಿಯಾ ಇದ್ದ ಮಹಿಳೆಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟು ಅವರು ತೀರಿಕೊಂಡರು, ಜಿಲ್ಲಾ ವೇದಿಕೆ (ಈಗಿನ ಜಿಲ್ಲಾ ಆಯೋಗ) ಕೊಡಿಸಿದ್ದ 2 ಲಕ್ಷ ಪರಿಹಾರವನ್ನು ಕೋರ್ಟು ಎತ್ತಿಹಿಡಿಯಿತು. ಆದರೂ ನಿಮ್ಮ ಕೇಸಿನಲ್ಲಿ ಅಭಿಪ್ರಾಯ ಇದ್ದರೆ ಒಳ್ಳೆಯದು, ಏಕೆಂದರೆ 'ಆಗಲೇ ಗೊತ್ತಾಗಿದ್ದರೂ ಕ್ಯಾನ್ಸರ್ ಇಷ್ಟೇ ಮುಂದುವರಿದಿರುತ್ತಿತ್ತು' ಎಂಬುದೇ ಅವರ ಮುಖ್ಯ ವಾದವಾಗುತ್ತದೆ. ಮೊದಲ ಎಕ್ಸ್‌ರೇ ಮತ್ತು ಈಗಿನ ಸಿಟಿಯನ್ನು ಅಕ್ಕಪಕ್ಕ ಇಟ್ಟು ಗಡ್ಡೆ ಎಷ್ಟು ಬೆಳೆದಿದೆ, ಆಗ ಯಾವ ಚಿಕಿತ್ಸೆ ಸಾಧ್ಯವಿತ್ತು ಎಂದು ಕ್ಯಾನ್ಸರ್ ತಜ್ಞರೊಬ್ಬರಿಂದ ಬರೆಸಿಕೊಳ್ಳಿ. ಊರಿನ ವೈದ್ಯರು ಪರಸ್ಪರರ ವಿರುದ್ಧ ಬರೆದುಕೊಡಲು ಹಿಂಜರಿಯುತ್ತಾರೆ. ಬೀದರ್ ಅಥವಾ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಅಭಿಪ್ರಾಯ ತರಿಸಿ ಎಂದು ಆಯೋಗಕ್ಕೇ ಅರ್ಜಿ ಹಾಕಬಹುದು.

ಪರಿಹಾರದ ಮೊತ್ತವನ್ನು ಊಹೆಯ ಮೇಲೆ ಬರೆಯಬೇಡಿ. ವ್ಯರ್ಥವಾದ ಎಂಟು ತಿಂಗಳ ಔಷಧದ ಖರ್ಚು, ಈಗಿನ ಹೆಚ್ಚುವರಿ ಚಿಕಿತ್ಸೆಯ ಖರ್ಚು, ಸೊಲ್ಲಾಪುರದ ಬಸ್ ಟಿಕೆಟ್, ಲಾಡ್ಜ್ ರಸೀದಿ, ತಾಯಿಯ ಮತ್ತು ಜೊತೆಗೆ ಹೋದವರ ತಪ್ಪಿದ ಕೂಲಿ, ಮಾನಸಿಕ ಯಾತನೆ ಎಲ್ಲವನ್ನೂ ಬೇರೆ ಬೇರೆ ಬರೆದು ಕೂಡಿಸಿ. ನಡುವೆ ದವಾಖಾನೆಯವರು ಬಿಲ್ಲಿನ ಹಣ ವಾಪಸ್ ಕೊಡುತ್ತೇವೆ ಎಂದು ಬಂದರೆ 'ಇನ್ನು ಯಾವ ತಕರಾರೂ ಇಲ್ಲ' ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಹತ್ತು ಜನರನ್ನು ಕಟ್ಟಿಕೊಂಡು ಹೋಗಿ ಗಲಾಟೆ ಮಾಡುವುದಂತೂ ಬೇಡವೇ ಬೇಡ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ 2009ರ ರಾಜ್ಯ ಕಾಯ್ದೆಯಡಿ ಜಾಮೀನುರಹಿತ ಅಪರಾಧ, ಆಮೇಲೆ ಆರೋಪಿಯ ಜಾಗದಲ್ಲಿ ನೀವೇ ನಿಲ್ಲಬೇಕಾಗುತ್ತದೆ.

ಇದೇ ತಪ್ಪು ಸರ್ಕಾರಿ ಆಸ್ಪತ್ರೆಯಲ್ಲಾಗಿದ್ದರೆ ದಾರಿ ಬೇರೆ. ಎಲ್ಲರಿಗೂ ಉಚಿತ ಸೇವೆ ಕೊಡುವ ಕಡೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ, ಚೀಟಿಗೆ ಕೊಟ್ಟ ಚಿಲ್ಲರೆ ಹಣ ಲೆಕ್ಕಕ್ಕೆ ಬರುವುದಿಲ್ಲ. ಸಿವಿಲ್ ದಾವೆ ಅಥವಾ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಹಾಕಬೇಕು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಕೊಡುವ ಆಸ್ಪತ್ರೆಯಾದರೆ ಉಚಿತ ರೋಗಿಗೂ ಗ್ರಾಹಕನ ಹಕ್ಕಿದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಯೂ ಆಯೋಗದ ವ್ಯಾಪ್ತಿಗೆ ಬರುತ್ತದೆ ಎಂದು 2007ರಲ್ಲೇ ತೀರ್ಮಾನವಾಗಿದೆ.

ವಕೀಲರಿಲ್ಲದೆಯೂ ದೂರು ನಡೆಸಬಹುದು, ಆದರೆ ವೈದ್ಯಕೀಯ ಕೇಸಿಗೆ ವಕೀಲರು ಇರುವುದೇ ಮೇಲು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ಆದ್ದರಿಂದ ದೂರು ತಾಯಿಯವರ ಹೆಸರಿನಲ್ಲೇ ಇರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವರ ಆಧಾರ್ ಪ್ರತಿ ಮತ್ತು ಬಯಾಪ್ಸಿ ವರದಿ ತೆಗೆದುಕೊಂಡು ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.