ಸರ್ಕಾರದ ದುಡ್ಡಲ್ಲೇ ಸರ್ಕಾರದ ಗೇಲಿ

ಪ್ರಶ್ನೆ: ಕ್ಯೂಬಾದಲ್ಲಿ ಕ್ಯಾಸ್ಟ್ರೋ ಕಾಲದಲ್ಲೇ ಸರ್ಕಾರಿ ದುಡ್ಡಲ್ಲಿ ಸಿನಿಮಾ ಮಾಡಿ ಸರ್ಕಾರದ್ದೇ ಕಾಲೆಳೀತಿದ್ದ ಡೈರೆಕ್ಟರ್ ಒಬ್ರು ಇದ್ರಂತೆ, ಯಾರವ್ರು? ಜೈಲಿಗೆ ಹಾಕ್ಲಿಲ್ವಾ?

ಉತ್ತರ: ತೋಮಾಸ್ ಗುತಿಯೆರೆಸ್ ಆಲೆಯಾ ಇರ್ಬೇಕು, ಊರವ್ರ ಬಾಯಲ್ಲಿ ಟಿಟೋನ್. 1928ರಲ್ಲಿ ಹವಾನಾದಲ್ಲಿ ಹುಟ್ಟಿದ್ರು, ಓದಿದ್ದು ಲಾ, ಆದ್ರೆ ಕರಿ ಕೋಟು ಹಾಕೋ ಬದ್ಲು ರೋಮ್‌ಗೆ ಹೋಗಿ ಸಿನಿಮಾ ಕಲ್ತು ಬಂದ್ರು. ಜೈಲಿಗೇನೂ ಹಾಕ್ಲಿಲ್ಲ. ತಮಾಷೆ ಅಂದ್ರೆ ಇವ್ರ ಸಿನಿಮಾನ ಪೊಲೀಸ್ರು ಎತ್ಕೊಂಡು ಹೋಗಿದ್ದು ಕ್ಯಾಸ್ಟ್ರೋಗಿಂತ ಮುಂಚೆ, ಸರ್ವಾಧಿಕಾರಿ ಬತಿಸ್ತಾ ಕಾಲದಲ್ಲಿ, ಸಪಾತಾ ಜೌಗುನೆಲದಲ್ಲಿ ಇದ್ದಿಲು ಸುಡೋ ಬಡವ್ರ ಬಗ್ಗೆ 1955ರಲ್ಲಿ ಗೆಳೆಯರ ಜೊತೆ ಸೇರಿ ಮಾಡಿದ್ದ ಪುಟ್ಟ ಚಿತ್ರ ಅದು. 1959ರಲ್ಲಿ ಕ್ರಾಂತಿ ಆದ್ಮೇಲೆ ಸರ್ಕಾರಿ ಫಿಲ್ಮ್ ಸಂಸ್ಥೆ ಇಕಾಯಿಕ್ ಶುರು ಮಾಡ್ದೋರಲ್ಲಿ ಇವ್ರೂ ಒಬ್ರು. ಅಂದ್ರೆ ಮನೆಯವ್ರೇ, ಹೊರಗಿನವ್ರಲ್ಲ, ಬೈದ್ರೂ ನಡೀತಿದ್ದಿದ್ದು ಅದ್ಕೇ ಅಂತ ನನ್ನ ಲೆಕ್ಕ.

ಪ್ರಶ್ನೆ: ಅವ್ರ ಸಿನಿಮಾಗಳಲ್ಲಿ ಮೊದ್ಲು ಯಾವ್ದು ನೋಡ್ಬೇಕು?

ಉತ್ತರ: ಎಲ್ರೂ 1968ರ 'ಮೆಮೊರೀಸ್ ಆಫ್ ಅಂಡರ್‌ಡೆವಲಪ್‌ಮೆಂಟ್' ಅಂತಾರೆ. ದೊಡ್ಡ ಸಿನಿಮಾನೇ, ಅದಕ್ಕೆ ಅಮೆರಿಕದ ವಿಮರ್ಶಕರು ಪ್ರಶಸ್ತಿ ಕೊಟ್ರೆ ಅಲ್ಲಿನ ಸರ್ಕಾರ ಇವ್ರಿಗೆ ವೀಸಾನೇ ಕೊಡ್ಲಿಲ್ಲ. ಆದ್ರೆ ನಾನು ಹೇಳೋದು 1966ರ 'ಡೆತ್ ಆಫ್ ಎ ಬ್ಯೂರೋಕ್ರಾಟ್'. ರಾಷ್ಟ್ರನಾಯಕ ಹೊಸೆ ಮಾರ್ತಿಯ ತಲೆಪ್ರತಿಮೆಗಳನ್ನ ಸಾಲಾಗಿ ಉದುರಿಸೋ ಮೆಷಿನ್ ಕಂಡುಹಿಡಿದೋನು ಅದ್ರೊಳಗೇ ಬಿದ್ದು ಸಾಯ್ತಾನೆ, ಆದರ್ಶ ಕಾರ್ಮಿಕ ಅಂತ ಅವನ ಲೇಬರ್ ಕಾರ್ಡನ್ನೂ ಜೊತೆಗೇ ಹೂತುಬಿಡ್ತಾರೆ, ಹೆಂಡ್ತಿ ಪಿಂಚಣಿ ಕೇಳೋಕೆ ಹೋದ್ರೆ ಆಫೀಸಲ್ಲಿ ಮೊದ್ಲು ಕಾರ್ಡ್ ತನ್ನಿ ಅಂತಾರೆ. ಗೋರಿ ಅಗೆಯೋಕೆ ಪರ್ಮಿಷನ್ ಸಿಗಲ್ಲ, ಸರಿ ಅಂತ ಸೋದರಳಿಯ ರಾತ್ರಿ ಕದ್ದು ಹೆಣ ತೆಗೆಸ್ತಾನೆ, ಈಗ ವಾಪಸ್ ಹೂಳೋಣ ಅಂದ್ರೆ ಸ್ಮಶಾನದವ್ರು 'ನಮ್ಮ ರೆಕಾರ್ಡ್ ಪ್ರಕಾರ ಇವ್ನು ಆಗ್ಲೇ ಒಳಗಿದಾನೆ' ಅಂತಾರೆ! ಹೆಣ ಮನೇಲಿ, ಐಸ್ ಮೇಲೆ. ಸರ್ಕಾರಿ ಕಚೇರಿ ಮೆಟ್ಟಿಲು ಒಂದ್ಸಲ ಹತ್ತಿದೋರಿಗೆ ಸಬ್‌ಟೈಟಲ್ಲೂ ಬೇಡ.

ಆಮೇಲೆ 1993ರ 'ಸ್ಟ್ರಾಬೆರಿ ಅಂಡ್ ಚಾಕೊಲೇಟ್' ನೋಡಿ, ಒಬ್ಬ ಸಲಿಂಗಕಾಮಿಗೂ ಕಮ್ಯುನಿಸ್ಟ್ ಪಾರ್ಟಿ ನಂಬ್ಕೊಂಡಿರೋ ಕಾಲೇಜ್ ಹುಡುಗನಿಗೂ ಆಗೋ ಸ್ನೇಹದ ಕತೆ, ಆಸ್ಕರ್ ನಾಮಿನೇಷನ್ ಕೂಡ ಸಿಕ್ತು. ಅಷ್ಟೊತ್ತಿಗೆ ಟಿಟೋನ್‌ಗೆ ಕ್ಯಾನ್ಸರ್ ಹಿಡ್ದಿತ್ತು, ಹಾಗಾಗಿ ಇನ್ನೊಬ್ಬ ಡೈರೆಕ್ಟರ್ ಹ್ವಾನ್ ಕಾರ್ಲೋಸ್ ತಬಿಯೋ ಜೊತೆಗೆ ನಿಂತು ಡೈರೆಕ್ಟ್ ಮಾಡಿದ್ರು. ಕೊನೇ ಚಿತ್ರ 'ಗ್ವಾಂತಾನಮೇರಾ'ದಲ್ಲಿ ಮತ್ತೆ ಒಂದು ಹೆಣ, ಮತ್ತೆ ಸರ್ಕಾರಿ ರೂಲ್ಸು. 1996ರಲ್ಲಿ ಟಿಟೋನ್ ತೀರ್ಕೊಂಡ್ರು. ಎರಡು ವರ್ಷ ಕಳೆದ್ಮೇಲೆ ಕ್ಯಾಸ್ಟ್ರೋ ಭಾಷಣದಲ್ಲಿ ಆ ಸಿನಿಮಾನ ಚೆನ್ನಾಗಿ ಬೈದ್ರು.