ಶಿಕ್ಷಣ ಮಹಾವಿದ್ಯಾಲಯದ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಯಾರು ಕೊಡುತ್ತಾರೆ? ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಿಜಯಪುರದಲ್ಲಿ ವಿಶ್ವವಿದ್ಯಾಲಯದ ಶಿಕ್ಷಣ ಮಹಾವಿದ್ಯಾಲಯಕ್ಕೆ ಸಹಾಯಕ ಪ್ರಾಧ್ಯಾಪಕರಾಗಿ ಸೇರಿ ನಿಮಗೆ ಎರಡು ವರ್ಷವಾಗಿದೆ, ಪಿಎಚ್‌ಡಿ ಮುಗಿದಿದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರದವರಿಗೆ ಯೋಜನೆಗಳು ಬರುತ್ತವೆ, ಬಿ.ಇಡಿ ಪಾಠ ಮಾಡುವವರಿಗೆ ಯಾರು ಹಣ ಕೊಡುತ್ತಾರೆ ಎಂದು ಕೇಳಿದ್ದೀರಿ. ಜೊತೆಗೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಪ್ರತಿಯೊಬ್ಬ ಅಧ್ಯಾಪಕರೂ ಒಂದೊಂದು ಪ್ರಸ್ತಾವನೆ ಕಳುಹಿಸಲೇಬೇಕೆಂದು ಪ್ರಾಚಾರ್ಯರು ಹೇಳಿದ್ದಾರೆ ಎಂದೂ ಬರೆದಿದ್ದೀರಿ.

ನಾನು ಇದೇ ಜಿಲ್ಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಶಿಕ್ಷಣಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಐದು ಪ್ರಸ್ತಾವನೆ ಕಳುಹಿಸಿದ್ದೇನೆ. ಮೂರು ತಿರಸ್ಕೃತವಾದವು, ಎರಡಕ್ಕೆ ಹಣ ಬಂತು. ಆ ಐದರಿಂದ ನಾನು ಕಲಿತದ್ದನ್ನೇ ನಿಮಗೆ ಹೇಳಬಲ್ಲೆ.

ನನ್ನ ಮೊದಲ ಪ್ರಸ್ತಾವನೆಯ ಶೀರ್ಷಿಕೆ ‘ಪ್ರಾಥಮಿಕ ಶಾಲಾ ಶಿಕ್ಷಕರ ವೃತ್ತಿತೃಪ್ತಿ ಮತ್ತು ಬೋಧನಾ ಸಾಮರ್ಥ್ಯ: ಒಂದು ಸಹಸಂಬಂಧ ಅಧ್ಯಯನ’. ಎಂ.ಇಡಿಯಲ್ಲಿ ಕಲಿತ ಹಾಗೆಯೇ ಉದ್ದೇಶಗಳು, ಪ್ರಾಕ್ಕಲ್ಪನೆಗಳು, ಮಾದರಿ ಆಯ್ಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದೆ. ತಿರಸ್ಕೃತವಾಯಿತು. ಈಗ ಆ ಕಡತ ತೆಗೆದು ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ವಿಜಯಪುರ ಎಂಬ ಹೆಸರು ಅಳಿಸಿ ಅಲ್ಲಿ ಬೇರೆ ಯಾವ ಜಿಲ್ಲೆಯ ಹೆಸರು ಹಾಕಿದ್ದರೂ ಒಂದಕ್ಷರ ಬದಲಾಯಿಸಬೇಕಿರಲಿಲ್ಲ. ಇಂಥ ಪ್ರಸ್ತಾವನೆಗಳು ಅನುದಾನ ಕೊಡುವವರಲ್ಲಿ ರಾಶಿ ಬೀಳುತ್ತವೆ. ನನ್ನದನ್ನೇ ಆರಿಸಲು ಅವರಿಗೆ ಕಾರಣವೇ ಇರಲಿಲ್ಲ.

ಹಣ ಸಿಕ್ಕ ಮೊದಲ ಯೋಜನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ. ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಣೆಗೆಂದು ಇಂಡಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದ ಶಾಲೆಗೆ ಹೋಗಿದ್ದೆ. ಮುಖ್ಯ ಗುರುಗಳು ಚಹಾ ತರಿಸಲು ಹೋದಾಗ ಮೇಜಿನ ಮೇಲಿದ್ದ ನಾಲ್ಕನೇ ತರಗತಿಯ ಹಾಜರಿ ಪುಸ್ತಕ ತಿರುವಿದೆ. ದಸರೆಯವರೆಗೆ ಸಾಲುಗಳು ತುಂಬಿದ್ದವು. ಅಲ್ಲಿಂದಾಚೆಗೆ ಇಪ್ಪತ್ತಮೂರು ಹೆಸರುಗಳಲ್ಲಿ ಹದಿನಾಲ್ಕರ ಮುಂದೆ ಗೈರುಹಾಜರಿ. ಆ ಹದಿನಾಲ್ಕು ಹೆಸರುಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ‘ಕಬ್ಬು’ ಎಂದು ಬರೆದಿತ್ತು. ತಂದೆ ತಾಯಿಯ ಜೊತೆ ಕಬ್ಬು ಕಡಿಯಲು ಸಾಂಗಲಿ, ಸೊಲ್ಲಾಪುರದ ಕಡೆ ಗುಳೆ ಹೋದ ಮಕ್ಕಳು ಅವರು. ಹಂಗಾಮು ಮುಗಿದು ಯುಗಾದಿಯ ಹೊತ್ತಿಗೆ ಮರಳಿ ಬರುತ್ತಾರೆ. ಪರೀಕ್ಷೆ ಕೈಯಳತೆಯಲ್ಲಿರುತ್ತದೆ.

ಆ ಪೆನ್ಸಿಲ್ ಅಕ್ಷರಗಳು ನನ್ನನ್ನು ವಾರಗಟ್ಟಲೆ ಬಿಡಲಿಲ್ಲ. ಐದು ತಿಂಗಳು ಶಾಲೆಯಿಂದ ದೂರವಿದ್ದು ಬಂದ ಮಗುವಿನ ಗಣಿತದಲ್ಲಿ ಏನು ಅಳಿಸಿಹೋಗಿರುತ್ತದೆ, ಏನು ಉಳಿದಿರುತ್ತದೆ? ಅಲ್ಲಿದ್ದಾಗ ಶಾಲೆ ಕಲಿಸದ ಏನನ್ನಾದರೂ ಕಲಿತು ಬಂದಿರುತ್ತದೆಯೇ? ಇದು ಪ್ರಶ್ನೆ. ಇದನ್ನು ಇನ್ನೊಂದು ಜಿಲ್ಲೆಗೆ ಹಾಗೆಯೇ ಎತ್ತಿ ಹಾಕಲಾಗುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ಕಂಡದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಬ್ಬ ಹುಡುಗ ನಾವು ಕೊಟ್ಟ ಹಾಳೆಯಲ್ಲಿ ವ್ಯವಕಲನ ಒಂದನ್ನೂ ಮಾಡಲಿಲ್ಲ. ಕನ್ನಡದಲ್ಲಿ ಕೇಳಿದರೆ ನೆಲ ನೋಡುತ್ತಿದ್ದ. ನಮ್ಮ ಕ್ಷೇತ್ರ ಸಹಾಯಕಿ ಅದೇ ತಾಂಡಾದವರು. ಅವರು ಲಂಬಾಣಿಯಲ್ಲಿ ಮಾತಾಡಿಸಿ, ಅವನ ಮನೆಯಲ್ಲಿದ್ದ ಸಕ್ಕರೆ ಕಾರ್ಖಾನೆಯ ತೂಕದ ಚೀಟಿ ತರಿಸಿದರು. ತುಂಬಿದ ಗಾಡಿ 18.460 ಟನ್, ಖಾಲಿ ಗಾಡಿ 6.140. ಹುಡುಗ ಚೀಟಿಯ ಕೆಳಭಾಗವನ್ನು ಬೆರಳಿನಿಂದ ಮುಚ್ಚಿಕೊಂಡು 12.320 ಎಂದ, ಕಾಗದ ಮುಟ್ಟದೆ. ಅಪ್ಪನಿಗೆ ಓದಲು ಬಾರದ ಕಾರಣ ಪ್ರತಿದಿನ ಆ ಚೀಟಿ ಓದುತ್ತಿದ್ದವನು ಅವನೇ. ಆ ಸಂಜೆ ಬಸ್ಸಿನಲ್ಲಿ ಸಹಾಯಕಿಯೂ ನಾನೂ ಹೆಚ್ಚು ಮಾತಾಡಲಿಲ್ಲ. ನಾವು ಎಂಥ ಪರೀಕ್ಷೆ ಹಿಡಿದುಕೊಂಡು ಹೋಗಿದ್ದೆವು ಎಂದು ಕುಳಿತು ಯೋಚಿಸುವಂತಾಯಿತು.

ಈಗ ನಿಮ್ಮ ನೇರ ಪ್ರಶ್ನೆಗೆ ಬರುತ್ತೇನೆ.

ಹಿರಿಯರು ಇಂದಿಗೂ ‘ಯುಜಿಸಿ ಮೈನರ್ ಪ್ರಾಜೆಕ್ಟ್ ಹಾಕು’ ಎನ್ನುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಆ ಬಾಗಿಲು 12ನೇ ಪಂಚವಾರ್ಷಿಕ ಯೋಜನೆಯೊಂದಿಗೆ, ಅಂದರೆ 2017ರ ಹೊತ್ತಿಗೆ ಮುಚ್ಚಿತು. ನಿಮ್ಮಂಥವರು ಮೊದಲು ತಟ್ಟಬೇಕಾದ ಬಾಗಿಲು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್. 1969ರಲ್ಲಿ ಸ್ಥಾಪನೆಯಾದದ್ದು, ಕಚೇರಿ ದೆಹಲಿಯಲ್ಲಿದೆ, ದಕ್ಷಿಣದ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ. ಶಿಕ್ಷಣ ಅವರ ವಿಷಯಪಟ್ಟಿಯಲ್ಲಿಯೇ ಇದೆ. ಕಿರು ಯೋಜನೆ, ಬೃಹತ್ ಯೋಜನೆ ಎಂದು ಅವರು ಅರ್ಜಿ ಕರೆಯುತ್ತಾರೆ. ನಿಮ್ಮ ಮೊದಲ ಅರ್ಜಿ ಕಿರು ಯೋಜನೆಗೇ ಇರಲಿ. ನಿಮ್ಮದು ವಿಶ್ವವಿದ್ಯಾಲಯದ್ದೇ ಕಾಲೇಜಾದ್ದರಿಂದ ಮಾನ್ಯತೆಯ ತೊಡಕು ಬರಲಾರದು. ಇದನ್ನು ಓದುವ ಖಾಸಗಿ ಆಡಳಿತ ಮಂಡಳಿಯ ಕಾಲೇಜಿನವರು ಮಾತ್ರ, ತಮ್ಮ ಸಂಸ್ಥೆಗೆ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಮಾನ್ಯತೆ, ಅಂದರೆ ಕೇಂದ್ರದ ಅನುದಾನ ಪಡೆಯುವ ಅರ್ಹತೆ, ಇದೆಯೇ ಎಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಎಲ್ಲ ಬರೆದು ಮುಗಿಸಿದ ಮೇಲೆ ಆ ಕಾಗದ ಇಲ್ಲವೆಂದು ತಿಳಿದು ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ.

ಎರಡನೆಯದು ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿಯ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಇಆರ್‌ಟಿಯ ಎರಿಕ್, ಅಂದರೆ ಶೈಕ್ಷಣಿಕ ಸಂಶೋಧನೆ ಮತ್ತು ನಾವೀನ್ಯ ಸಮಿತಿ. 1974ರಿಂದ ಇದೆ. ಶಾಲಾ ಶಿಕ್ಷಣ ಮತ್ತು ಶಿಕ್ಷಕರ ಶಿಕ್ಷಣದ ಸಂಶೋಧನೆಗಾಗಿಯೇ ಇರುವ ಸಮಿತಿ ಅದು. ನಮ್ಮ ಭಾಗದಿಂದ ಅಲ್ಲಿಗೆ ಅರ್ಜಿ ಹಾಕಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ತಾಂಡಾ ಶಾಲೆ, ಉರ್ದು ಶಾಲೆ, ಏಕೋಪಾಧ್ಯಾಯ ಶಾಲೆ ಎಲ್ಲವೂ ಬಸ್ಸಿನ ದೂರದಲ್ಲಿರುವುದು ನಮಗೇ.

2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಹೆಸರು ನಿಮ್ಮ ವಿಜ್ಞಾನ ವಿಭಾಗದ ಗೆಳೆಯರ ಬಾಯಲ್ಲಿ ಕೇಳಿರುತ್ತೀರಿ. ಸಮಾಜ ವಿಜ್ಞಾನಗಳು ವಿಜ್ಞಾನ ತಂತ್ರಜ್ಞಾನವನ್ನು ಸಂಧಿಸುವ ಕಡೆ ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಮೊದಲ ಪ್ರಯತ್ನ ಅಲ್ಲಿ ಬೇಡ. ವಿದೇಶದ ಪೈಕಿ ಶಿಕಾಗೋದ ಸ್ಪೆನ್ಸರ್ ಪ್ರತಿಷ್ಠಾನ ಶಿಕ್ಷಣ ಸಂಶೋಧನೆಗೇ ಮೀಸಲಾದದ್ದು. ಅಮೆರಿಕದವರೇ ಆಗಿರಬೇಕೆಂದಿಲ್ಲ, ಪಿಎಚ್‌ಡಿ ಇರಬೇಕು. ಆದರೆ ವಿದೇಶಿ ಹಣ ಬರಬೇಕಾದರೆ, ಆಡಳಿತ ಮಂಡಳಿಯ ಕಾಲೇಜುಗಳಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ವಿಶ್ವವಿದ್ಯಾಲಯದ ನಿಯಮ ಏನೆಂದು ನಿಮ್ಮ ಹಣಕಾಸು ಅಧಿಕಾರಿಯ ಬಳಿ ಕುಳಿತು ಕೇಳಿ.

ನಿಮ್ಮ ಎಂ.ಇಡಿ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಿ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಶಿಕ್ಷಣ ಒಂದು ವಿಷಯ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ತಾಳಿಕೋಟೆ, ದೇವರ ಹಿಪ್ಪರಗಿಯ ಕಡೆಯಿಂದ ಬರುವ ಹೆಣ್ಣುಮಕ್ಕಳಿಗೆ ಅದು ಮನೆಯವರ ಮನಸ್ಸನ್ನೇ ಬದಲಾಯಿಸಬಲ್ಲ ಮೊತ್ತ.

ಪ್ರಸ್ತಾವನೆ ಇಂಗ್ಲಿಷಿನಲ್ಲಿ ಬರೆಯಬೇಕೆಂದು ನಿಮಗೆ ಅಳುಕಿದ್ದರೆ, ಮೊದಲು ಎರಡು ಪುಟ ಕನ್ನಡದಲ್ಲೇ ಬರೆಯಿರಿ. ಅದನ್ನು ಒಬ್ಬ ಕನ್ನಡ ಶಾಲೆಯ ಶಿಕ್ಷಕರಿಗೆ ಓದಲು ಕೊಡಿ. ‘ಹೌದು, ಇದು ನಮಗೂ ಗೊತ್ತಾಗಬೇಕಾಗಿದೆ’ ಎಂದು ಅವರು ಹೇಳಿದರೆ ಮಾತ್ರ ಮುಂದುವರಿಯಿರಿ.

ನಾನು ಅತಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಆಯವ್ಯಯದ ಪುಟದ ಬಗ್ಗೆ. ಎಲ್ಲರೂ ಅದನ್ನು ಕೊನೆಯ ರಾತ್ರಿ ತುಂಬುತ್ತಾರೆ. ಪರಿಶೀಲಕರು ಅಲ್ಲಿಂದಲೇ ಮನುಷ್ಯನನ್ನು ಅಳೆಯುತ್ತಾರೆ ಎಂದು ನಾನು ನಂಬಿದ್ದೇನೆ, ಏಕೆಂದರೆ ಕ್ಷೇತ್ರಕ್ಕೆ ಹೋಗಿ ಬಂದವರ ಲೆಕ್ಕವೇ ಬೇರೆ ಇರುತ್ತದೆ. ಐಸಿಎಸ್‌ಎಸ್‌ಆರ್ ನಿಯಮದಂತೆ ಸಿಬ್ಬಂದಿಗೆ ಶೇ 45, ಕ್ಷೇತ್ರಕಾರ್ಯಕ್ಕೆ ಶೇ 35ರ ಮಿತಿಯೊಳಗೆ ಹಣ ಹಂಚಬೇಕು. ತಿರಸ್ಕೃತವಾದ ನನ್ನ ಪ್ರಸ್ತಾವನೆಯಲ್ಲಿ ‘ಪ್ರಯಾಣ: 50,000’ ಎಂದು ಒಂದೇ ಸಾಲು ಇತ್ತು. ಮಂಜೂರಾದದ್ದರಲ್ಲಿ ಹೀಗಿತ್ತು: 12 ಶಾಲೆ, ಪ್ರತಿ ಶಾಲೆಗೆ 4 ಭೇಟಿ, ಒಟ್ಟು 48. ಒಂದೇ ದಿಕ್ಕಿನ ಎರಡು ಶಾಲೆಗಳನ್ನು ಒಂದು ದಿನದಲ್ಲಿ ನೋಡಬಹುದಾದ್ದರಿಂದ 24 ದಿನ. ತಾಲ್ಲೂಕು ಕೇಂದ್ರದವರೆಗೆ ಬಸ್ಸು, ಅಲ್ಲಿಂದ ತಾಂಡಾಕ್ಕೆ ಬಾಡಿಗೆ ವಾಹನ, ಏಕೆಂದರೆ ಬೆಳಗಿನ ಬಸ್ಸು ತಪ್ಪಿದರೆ ಮತ್ತೊಂದು ಸಂಜೆಗೇ. ಲಂಬಾಣಿ ಬಲ್ಲ ಕ್ಷೇತ್ರ ಸಹಾಯಕಿಗೆ ದಿನದ ಸಂಭಾವನೆ. ಶಾಲೆಗಳ ಆಯ್ಕೆಯನ್ನು ಯುಡೈಸ್ ಸಂಕೇತಗಳ (ಪ್ರತಿ ಶಾಲೆಗೂ ಸರ್ಕಾರ ಕೊಟ್ಟ ಸಂಖ್ಯೆ) ಸಮೇತ ಕೊಟ್ಟಿದ್ದೆ. ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯ ಅನುಮತಿ ಪತ್ರವನ್ನೂ ಲಗತ್ತಿಸಿದ್ದೆ.

ಕ್ಷೇತ್ರ ಸಹಾಯಕರ ಸಂಭಾವನೆಯನ್ನು ಎಂದೂ ಕಡಿತ ಮಾಡಬೇಡಿ. ‘ಆಸಕ್ತಿ ಇದ್ದರೆ ಹಣ ಏಕೆ ಬೇಕು, ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ಹಾಕಲಿಲ್ಲವೇ’ ಎಂದು ನಮ್ಮೂರಿನಲ್ಲಿ ಹೇಳುವವರಿದ್ದಾರೆ. ವಚನಗಳನ್ನು ಸಂಗ್ರಹಿಸಿ ಅಚ್ಚು ಮಾಡಿದ ಫ.ಗು. ಹಳಕಟ್ಟಿಯವರಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಅವರು ಮಾರಿದ್ದು ತಮ್ಮ ಮನೆ, ಬೇರೆಯವರದ್ದಲ್ಲ. ತಾಂಡಾದಿಂದ ಬಂದು ಬಿ.ಇಡಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗಿಯ ದಿನಗಳನ್ನು ಪುಕ್ಕಟೆ ಪಡೆಯುವ ಹಕ್ಕು ನಮಗೆ ಯಾರಿಗೂ ಇಲ್ಲ.

ಹಣ ಮಂಜೂರಾದ ಮೇಲಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಹಣ ನಿಮ್ಮ ಕೈಗಲ್ಲ, ಸಂಸ್ಥೆಯ ಖಾತೆಗೆ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ, ಪ್ರಗತಿ ವರದಿ, ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಹೋದ ಮೇಲೆಯೇ ಮುಂದಿನ ಕಂತು. ಅನುದಾನದ ಮೇಲೆ ಬಂದ ಬಡ್ಡಿಯೂ ಸರ್ಕಾರಕ್ಕೆ ಮರಳಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ನನ್ನ ಬಳಕೆ ಪ್ರಮಾಣಪತ್ರ ಸಹಿಗಾಗಿ ನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಅಲೆಯಿತು. ಜುಲೈಯಲ್ಲಿ ಬರಬೇಕಿದ್ದ ಎರಡನೇ ಕಂತು ನವೆಂಬರ್ ಕೊನೆಗೆ ಬಂತು. ಅಷ್ಟರಲ್ಲಿ ಮಕ್ಕಳು ಹೊರಟುಹೋಗಿದ್ದರು. ಹೋಗುವ ಮುನ್ನ ಮಾಡಬೇಕಿದ್ದ ಪರೀಕ್ಷೆಗೆ ಇನ್ನೊಂದು ವರ್ಷ ಕಾಯಬೇಕಾಯಿತು, ಅವಧಿ ವಿಸ್ತರಣೆಗೆ ಬೇಡಿಕೊಳ್ಳಬೇಕಾಯಿತು. ನೀವು ಹಾಗಾಗಲು ಬಿಡಬೇಡಿ. ಲೆಕ್ಕಪತ್ರ ವಿಭಾಗದ ಗುಮಾಸ್ತರನ್ನು ಪ್ರಸ್ತಾವನೆ ಬರೆಯುವ ಹಂತದಲ್ಲೇ ಪರಿಚಯ ಮಾಡಿಕೊಳ್ಳಿ. ಪ್ರತಿ ಬಿಲ್ಲಿನ ಹಿಂದೆ ದಿನಾಂಕ, ಶಾಲೆಯ ಹೆಸರು, ಉದ್ದೇಶವನ್ನು ಆ ದಿನವೇ ಬರೆದಿಡಿ. ಮಾರ್ಚ್ 31ಕ್ಕೆ ಕಾಯದೆ ಫೆಬ್ರವರಿಯಲ್ಲೇ ಲೆಕ್ಕ ಹೊಂದಿಸಿ.

ಇನ್ನು ನ್ಯಾಕ್. ಇದುವರೆಗಿನ ಪದ್ಧತಿಯಲ್ಲಿ ಮೂರನೇ ಮಾನದಂಡದಡಿ ಲೆಕ್ಕಕ್ಕೆ ಬಂದಿರುವುದು ಮಂಜೂರಾದ ಅನುದಾನ. ಕಳುಹಿಸಿದ ಪ್ರಸ್ತಾವನೆಗಳಿಗೆ ಅಂಕವಿಲ್ಲ. ಪ್ರಾಚಾರ್ಯರಿಗೆ ಇದನ್ನು ಗೌರವದಿಂದಲೇ ತಿಳಿಸಿ: ಹತ್ತು ಜನ ಹತ್ತು ಅವಸರದ ಪ್ರಸ್ತಾವನೆ ಕಳುಹಿಸುವ ಬದಲು ಮೂವರು ಸೇರಿ ಒಂದನ್ನು ಆರು ತಿಂಗಳು ಕುಳಿತು ಬರೆಯಲು ಅವಕಾಶ ಕೊಡಿ ಎಂದು ಕೇಳಿ. ವಿಶ್ವವಿದ್ಯಾಲಯದಲ್ಲಿ ಆರಂಭಿಕ ಧನ ಕೊಡುವ ವ್ಯವಸ್ಥೆ ಇದ್ದರೆ ಇಪ್ಪತ್ತು-ಮೂವತ್ತು ಸಾವಿರ ಸಾಕು, ನಾಲ್ಕು ಶಾಲೆಗಳಲ್ಲಿ ಪೂರ್ವಭಾವಿ ಅಧ್ಯಯನ ಮಾಡಬಹುದು. ಆ ನಾಲ್ಕು ಶಾಲೆಗಳ ಮಾಹಿತಿ ನಿಮ್ಮ ಅರ್ಜಿಗೆ ಕೊಡುವ ಬಲವನ್ನು ಯಾವ ಶಿಫಾರಸು ಪತ್ರವೂ ಕೊಡಲಾರದು.

ವಿಷಯ ಇನ್ನೂ ಸಿಕ್ಕಿಲ್ಲ ಎಂದಿದ್ದೀರಿ. ಒಂದು ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಎಂಟನೇ ತರಗತಿಗೆ ಊರು ಬಿಟ್ಟು ಹೋಗಬೇಕಾದ ಸಿಂದಗಿ ತಾಲ್ಲೂಕಿನ ಹುಡುಗಿಯರ ಶಾಲಾ ಹಾಜರಾತಿಯಲ್ಲಿ ಅದರಿಂದ ಏನಾದರೂ ಬದಲಾಗಿದೆಯೇ? ಟಿಕೆಟ್ಟಿನ ಹಣ ಅಡ್ಡಿಯಾಗಿತ್ತೋ, ಬಸ್ಸಿನ ವೇಳೆಯೋ, ಅಥವಾ ನಿಲ್ದಾಣದಿಂದ ಶಾಲೆಯವರೆಗಿನ ನಡಿಗೆಯೋ? ಹಾಜರಿ ಪುಸ್ತಕಗಳು ಶಾಲೆಗಳಲ್ಲಿವೆ. ಬಸ್ಸಿನ ವೇಳಾಪಟ್ಟಿ ನಿಲ್ದಾಣದಲ್ಲಿದೆ. ಹುಡುಗಿಯರು ಬೆಳಗಿನ ಬಸ್ಸಿನಲ್ಲಿರುತ್ತಾರೆ.

ಗುಳೆ ಹೋಗುವ ಮಕ್ಕಳ ಬಗ್ಗೆಯೇ ಮಾಡುವ ಮನಸ್ಸಿದ್ದರೆ ಅರ್ಜಿ ಕರೆಯುವವರೆಗೆ ಕಾಯಬೇಡಿ. ದಸರೆಗೆ ಮೊದಲೇ ಒಮ್ಮೆ ತಾಂಡಾಗಳಿಗೆ ಹೋಗಿ ಬನ್ನಿ. ಆಮೇಲೆ ಹೋದರೆ ಮುದುಕರೂ ಬೀಗ ಹಾಕಿದ ಬಾಗಿಲುಗಳೂ ಮಾತ್ರ ಸಿಗುತ್ತವೆ.